ಬಾಂಗ್, ಬುರಿ, ನಖೊನ್: ಥಾಯ್ ಊರುಗಳ ಹೆಸರು

ಥಾಯ್ಲೆಂಡಿನ ಹಳೆಯ ಊರಹೆಸರುಗಳು ನೀರನ್ನೂ ನೆಲವನ್ನೂ ನೋಡಿ ಜನ ಇಟ್ಟವು. ‘ಬಾನ್’ ಎಂದರೆ ಮನೆ, ಹಳ್ಳಿ. ‘ಬಾಂಗ್’ ನೀರಂಚಿನ ಊರು. ‘ನೊಂಗ್’ ಕೆರೆ ಅಥವಾ ಜೌಗು. ‘ಥಾ’ ದೋಣಿ ನಿಲ್ಲುವ ಕಡವು. ಹೊಳೆ ಕಡಲು ಸೇರುವ ಕಡೆ ‘ಪಾಕ್ ನಾಮ್’, ನೀರಿನ ಬಾಯಿ. ಚಾವೊ ಫ್ರಾಯ ನದಿಯ ಬಯಲೆಲ್ಲ ಕಾಲುವೆಗಳ ನಾಡಾದ್ದರಿಂದ ಅಲ್ಲಿ ಬಾಂಗ್‌ಗಳೇ ಹೆಚ್ಚು. ಬ್ಯಾಂಕಾಕ್ ಕೂಡ ಅಂಥದೊಂದು ಬಾಂಗ್. ಅದರ ಉತ್ತರಪದ ‘ಮಕೊಕ್’, ಅಂದರೆ ಅಮಟೆಯಂಥ ಹುಳಿಕಾಯಿಯ ಮರ, ಎಂಬ ವಿವರಣೆಗೆ ಹೆಚ್ಚಿನ ಮನ್ನಣೆ ಇದೆ. ಉತ್ತರದ ಬೆಟ್ಟನಾಡಿನಲ್ಲಿ ಕೋಟೆಯುಳ್ಳ ಪಟ್ಟಣ ‘ಚಿಯಾಂಗ್’. ಮಂಗ್ರಾಯ್ ಅರಸ 1296ರಲ್ಲಿ ಕಟ್ಟಿದ ಚಿಯಾಂಗ್ ಮಾಯ್ ಎಂದರೆ ಹೊಸಪಟ್ಟಣ. ಏಳು ಶತಮಾನ ಕಳೆದರೂ ಆ ಹೆಸರು ಬದಲಾಗಿಲ್ಲ.

ಅರಮನೆ ಮತ್ತು ಬೌದ್ಧ ವಿಹಾರಗಳು ಹೆಸರಿಡುವಾಗ ಪಾಲಿ, ಸಂಸ್ಕೃತಗಳತ್ತ ತಿರುಗಿದವು. ಈ ಹೆಸರುಗಳ ಸೊಗಸು ಥಾಯ್ ಉಚ್ಚಾರಣೆಯಲ್ಲಿ ಮರೆಯಾಗಿ, ಬರಹದಲ್ಲಿ ಉಳಿದುಕೊಂಡಿದೆ. ಪದದ ಕೊನೆಯ ರಕಾರ ಥಾಯ್ ನಾಲಗೆಯಲ್ಲಿ ನಕಾರವಾಗುತ್ತದೆ. ಆದ್ದರಿಂದ ನಗರ ‘ನಖೊನ್’ ಆಯಿತು, ಲಿಪಿಯಲ್ಲಿ ಮಾತ್ರ ರಕಾರ ಹಾಗೆಯೇ ಇದೆ. ಪುರಿ ‘ಬುರಿ’ಯಾಯಿತು. ಸುಫನ್ ಬುರಿ ಸುವರ್ಣಪುರಿ, ಫೆಚಬುರಿ ವಜ್ರಪುರಿ, ಫಿತ್ಸನುಲೋಕ್ ವಿಷ್ಣುಲೋಕ, ಸುಖೋಥೈ ಸುಖೋದಯ. ನಖೊನ್ ಸಿ ಥಮ್ಮರಾತ್ ಎಂಬಲ್ಲಿ ಶ್ರೀ ಧರ್ಮರಾಜನ ನಗರವನ್ನು ಕನ್ನಡದ ಕಿವಿ ಸುಲಭವಾಗಿ ಗುರುತಿಸುತ್ತದೆ.

1351ರಲ್ಲಿ ಸ್ಥಾಪನೆಯಾದ ರಾಜಧಾನಿ ಅಯುತ್ಥಯ ರಾಮನ ಅಯೋಧ್ಯೆಯ ಹೆಸರನ್ನೇ ಪಡೆಯಿತು. 1767ರಲ್ಲಿ ಬರ್ಮಾದ ಸೈನ್ಯ ಅದನ್ನು ಹಾಳುಗೆಡವಿತು. 1782ರಲ್ಲಿ ಅರಸ ಒಂದನೇ ರಾಮ ಬ್ಯಾಂಕಾಕನ್ನು ರಾಜಧಾನಿ ಮಾಡಿದ. ಥಾಯ್ ಜನರಿಗೆ ಆ ನಗರ ‘ಕ್ರುಂಗ್ ಥೆಪ್’, ದೇವನಗರಿ. ಬ್ಯಾಂಕಾಕ್ ಎಂಬುದು ಹೊರಗಿನವರ ಬಾಯಲ್ಲಿ ನೆಲೆಯಾಯಿತು. ನಗರದ ಉದ್ದನೆಯ ವಿಧ್ಯುಕ್ತ ಹೆಸರಿನೊಳಗೆ ಇಂದ್ರನೂ ವಿಶ್ವಕರ್ಮನೂ ಇದ್ದಾರೆ. ಕಳೆದುಹೋದ ಅಯುತ್ಥಯವೂ ಇದೆ.

ಭಾರತೀಯ ಹೆಸರಿಡುವ ಈ ವಾಡಿಕೆ ಇಪ್ಪತ್ತನೇ ಶತಮಾನದಲ್ಲೂ ನಿಲ್ಲಲಿಲ್ಲ. 1915ರಲ್ಲಿ ಆರನೇ ರಾಮ ದಕ್ಷಿಣದ ಒಂದು ಪಟ್ಟಣಕ್ಕೆ ಸುರಾತ್ ಥಾನಿ ಎಂದು ಹೆಸರಿಟ್ಟ. ಗುಜರಾತಿನ ಸೂರತ್ ತಾಪಿಯ ದಡದಲ್ಲಿರುವಂತೆ ಇಲ್ಲಿನ ಹೊಳೆಯೂ ತಾಪಿಯಾಯಿತು. 2006ರಲ್ಲಿ ತೆರೆದ ಸುವರ್ಣಭೂಮಿ ವಿಮಾನ ನಿಲ್ದಾಣದ ನೆಲಕ್ಕೆ ಮೊದಲು ‘ನೊಂಗ್ ಙು ಹಾವ್’, ನಾಗರಹಾವಿನ ಜೌಗು, ಎಂಬ ಹೆಸರಿತ್ತು. ಆ ತಗ್ಗುನೆಲದ ಗುಣವನ್ನು ಅಷ್ಟು ನಿಖರವಾಗಿ ಹೇಳುತ್ತಿದ್ದ ಹೆಸರು ಹಿಂದೆ ಸರಿದದ್ದು ನಷ್ಟವೇ.

ಗಡಿಗಳಲ್ಲಿ ನೆರೆಯ ನುಡಿಗಳು ಉಳಿದಿವೆ. ಈಶಾನ್ಯದ ಫನೊಮ್ ರುಂಗ್ ದೇಗುಲದ ಹೆಸರಿನಲ್ಲಿ ಖ್ಮೇರ್ ಭಾಷೆಯ ‘ಫನೊಮ್’, ಬೆಟ್ಟ, ಇದೆ. ದಕ್ಷಿಣದ ಫುಕೆಟ್ ಮಲಯ್ ಭಾಷೆಯ ‘ಬುಕಿತ್’, ಗುಡ್ಡ, ಎಂಬುದರಿಂದ ಬಂದದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.