ಬ್ರೂಸ್ ಲೀ ಅಪ್ಪನೂ ಬಣ್ಣ ಹಚ್ಚಿದವನೇ!

ಮೊನ್ನೆ ಶಕ್ತಿನಗರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ಸಿಕ್ಕ. ಅಂಗಿ ಮೇಲೆ ಬ್ರೂಸ್ ಲೀ ಚಿತ್ರ. "ಸರ, ಇಂಥಾ ಫೈಟರ್ ನಮ್ಮ ಕಡೆ ಯಾಕ ಹುಟ್ಟಲಿಲ್ಲ?" ಅಂದ.

"ಅವರಪ್ಪ ಏನ್ ಮಾಡ್ತಿದ್ದ ಗೊತ್ತೇನಪಾ?"

"ಕರಾಟೆ ಮಾಸ್ತರ?"

ಅಲ್ಲ ಮಿತ್ರರೇ, ಬಯಲಾಟದವನು! ಅಂದರೆ, ಅವರ ಕಡೆಯ ಬಯಲಾಟ. ಹೆಸರು ಲೀ ಹೊಯ್ ಚುಯೆನ್. ದಕ್ಷಿಣ ಚೀನಾದ ಕ್ಯಾಂಟೊನೀಸ್ ಆಪೆರಾದಲ್ಲಿ ಹಾಸ್ಯ ಪಾತ್ರಗಳಿಗೆ ಹೆಸರಾದ ನಟ. ಹಾಡು, ಮಾತು, ಕುಣಿತ, ಕತ್ತಿವರಸೆ ಎಲ್ಲ ಸೇರಿದ ಆಟ ಅದು. ಹಾಂಗ್‌ಕಾಂಗ್‌ನಲ್ಲಿ ಇವತ್ತಿಗೂ ದೇವರ ಹಬ್ಬಕ್ಕೆ ಬಿದಿರಿನ ಚಪ್ಪರ ಹಾಕಿ ಆಡಿಸುತ್ತಾರೆ. ಅಪ್ಪ ತಂಡದ ಜೊತೆ ಅಮೆರಿಕ ತಿರುಗುತ್ತಿದ್ದಾಗಲೇ, 1940ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರೂಸ್ ಹುಟ್ಟಿದ್ದು.

ಇನ್ನು ಜಾಕಿ ಚಾನ್. ಏಳನೇ ವಯಸ್ಸಿಗೇ ಪೀಕಿಂಗ್ ಆಪೆರಾ ಕಲಿಸುವ ಮನೆಗೆ ಸೇರಿ ಹತ್ತು ವರ್ಷ ಪಲ್ಟಿ ಹೊಡೆದವನು. 'ಎಂಟರ್ ದಿ ಡ್ರ್ಯಾಗನ್'ನಲ್ಲಿ (1973) ಬ್ರೂಸ್ ಲೀ ಕೂದಲು ಹಿಡಿದು ಕತ್ತು ಮುರಿಯುತ್ತಾನಲ್ಲ, ಆ ಬಡಪಾಯಿ ಇವನೇ! ಜಾಕಿಯ ಫೈಟ್ ಸರಿಯಾಗಿ ನೋಡಿ. ಹೊಡೆತ, ಒಂದು ಕ್ಷಣ ನಿಲುವು, ಮತ್ತೆ ಹೊಡೆತ. ಆಪೆರಾದ ತಾಳ-ಡೋಲಿನ ಲೆಕ್ಕ ಅದು.

ಈ ಲೆಕ್ಕ ನಾನು ಮೊದಲು ಕೇಳಿದ್ದು ಕೃಷ್ಣಾ ದಂಡೆಯ ನಮ್ಮೂರಿನಲ್ಲಿ. ದೊಡ್ಡಾಟದ ತಾಲೀಮು. ನನಗೆ ಹದಿನಾರು, ಅಭಿಮನ್ಯು ಪಾತ್ರ. ಮದ್ದಲೆ ಒಂದು ಪೆಟ್ಟು ತಪ್ಪಿ ಕಾಲಿಟ್ಟರೆ ಮಾಸ್ತರರ ಕೋಲು ಹಿಮ್ಮಡಿಗೆ ಬೀಳುತ್ತಿತ್ತು. "ಕುಣಿ, ನಿಲ್ಲು, ಆಮ್ಯಾಲ ಮಾತಾಡು!" ಮೂರು ತಿಂಗಳು ಇದೇ ಪಾಠ. ತಲೆಗೆ ಕಟ್ಟಿಗೆಯ ಕಿರೀಟ, ಹೆಗಲಿಗೆ ಭುಜಕೀರ್ತಿ, ಕಾಲಿಗೆ ಗೆಜ್ಜೆ. ಇಷ್ಟು ಭಾರ ಹೊತ್ತು ರಾತ್ರಿಯಿಡೀ ಕುಣಿಯೋದು ಫೈಟಿಂಗ್ ಅಲ್ಲವೇನ್ರಿ?

ಆಗ ತಿಳೀಲಿಲ್ಲ. ಆಟದ ದಿನ ಮಧ್ಯಾಹ್ನ ರಾಯಚೂರಿಗೆ ಬ್ರೂಸ್ ಲೀ ಪಿಕ್ಚರ್ ಬಂದಿದೆ ಅಂತ ಸುದ್ದಿ. ಓಡಿಬಿಟ್ಟೆ. ಎರಡು ಆಟ ನೋಡಿ, ಕೊನೇ ಬಸ್ಸೂ ತಪ್ಪಿ, ಬೆಳಗಿನ ಜಾವ ಊರು ಸೇರಿದರೆ ಅಟ್ಟದ ಮೇಲೆ ಅಭಿಮನ್ಯು ಕುಣಿಯುತ್ತಿದ್ದಾನೆ. ಅರವತ್ತು ದಾಟಿದ ಮಾಸ್ತರರು! ಬಣ್ಣ ಬೆವರಿಗೆ ಇಳಿದಿತ್ತು. ಮುಂದೆ ನನಗೆ ಒಂದು ಮಾತೂ ಬೈಯಲಿಲ್ಲ. ಪಾತ್ರವನ್ನೂ ಕೊಡಲಿಲ್ಲ.

1985ರಲ್ಲಿ ಇಲ್ಲಿ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ ಶುರುವಾಯಿತು. ಆಮೇಲೆ ಊರ ಹುಡುಗರು ಶಿಫ್ಟಿಗೆ ಬಿದ್ದರು, ಮಾಸ್ತರರೂ ತೀರಿಕೊಂಡರು. ಬ್ರೂಸ್ ಲೀ ಅಪ್ಪನ ಕತೆ ನಾನು ಓದಿದ್ದು ಅದಕ್ಕೂ ಎಷ್ಟೋ ವರ್ಷದ ನಂತರ. ಹೇಳೋಣವೆಂದರೆ ಕೇಳಲು ಅವರಿಲ್ಲ.

ಬಸ್ ಸ್ಟ್ಯಾಂಡಿನ ಆ ಹುಡುಗ ಯಾರು ಅಂತೀರಿ? ಮಾಸ್ತರರ ಮೊಮ್ಮಗ! ಸ್ಥಾವರದಲ್ಲಿ ಗುತ್ತಿಗೆ ಕೆಲಸ. ತಾತನ ಭುಜಕೀರ್ತಿ ಇನ್ನೂ ಮನೆಯಲ್ಲಿದೆಯಂತೆ. ಈ ಸಲದ ಜಾತ್ರೆಗೆ ಇವನೇ ಅಭಿಮನ್ಯು. ಇವನ ವಾರದ ರಜೆ ನೋಡಿಯೇ ಆಟದ ದಿನ ಗೊತ್ತು ಮಾಡಿದ್ದಾರೆ.

"ಸಾರಥಿ ಪಾತ್ರಕ್ಕ ಮಂದಿ ಸಿಕ್ಕಿಲ್ಲರಿ," ಅಂದ.

ನನ್ನ ಹೆಸರು ಬರೆಸಿ ಬಂದಿದ್ದೇನೆ. ಆ ರಾತ್ರಿ ಯಾವ ಪಿಕ್ಚರ್ ಬಂದರೂ ಸರಿ.