ಸರ್ವರ್ ಇಲ್ಲವೆಂಬ ಸಬೂಬು

“ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಉತ್ತರವನ್ನು ಕಛೇರಿಯ ಬಾಗಿಲಲ್ಲಿ ಕೇಳಿ ಹಿಂದಿರುಗುವುದು ನಂದಿನಿ ಲೇಔಟಿನ ಮಹಾಜನರಿಗೆ ಹೊಸದಲ್ಲ. ದೋಷವು ತಂತಿಯದೋ ಯಂತ್ರದ್ದೋ ಯಾರೂ ಹೇಳರು. ದಿನದ ಕೂಲಿಯನ್ನು ಬಿಟ್ಟು ಬಂದವನಿಗೆ ಇದು ದಂಡವೇ ಸರಿ. 2000ನೆಯ ಇಸವಿಯಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿಗಳನ್ನು ಗಣಕಕ್ಕೆ ಏರಿಸಿ ದೇಶಕ್ಕೇ ಮಾರ್ಗ ತೋರಿದ ನಾಡಿಗೆ ಈ ಸಬೂಬು ಶೋಭಿಸದು.

ಯಂತ್ರ ಕೆಡುವುದು ಸಹಜ. ಅದರಿಂದ ಕೆಲಸ ನಿಲ್ಲಬೇಕಾದುದಿಲ್ಲ. ಒಂದೇ ಸರ್ವರಿನಲ್ಲಿ ಅನೇಕ ವರ್ಚುವಲ್ ಯಂತ್ರಗಳು ವಠಾರದ ಸಂಸಾರಗಳಂತೆ ನೆಲೆಸಿರುತ್ತವೆ. ಹಲವು ಸರ್ವರುಗಳನ್ನು ಕ್ಲಸ್ಟರಾಗಿ ಕೂಡಿಸಿದರೆ, ದುರಸ್ತಿಯ ವೇಳೆಯಲ್ಲಿ ಈ ಯಂತ್ರಗಳನ್ನು ಕೆಲಸ ನಡೆಯುತ್ತಿರುವಂತೆಯೇ ಮತ್ತೊಂದು ಸರ್ವರಿಗೆ ಸಾಗಿಸಬಹುದು. ಮೊದಲು ಮೆಮೊರಿಯ ಪ್ರತಿ ಹೋಗುತ್ತದೆ. ಅಷ್ಟರಲ್ಲಿ ಬದಲಾದ ಭಾಗ ಮತ್ತೆ ಹೋಗುತ್ತದೆ. ಕಡೆಯ ನಿಲುಗಡೆ ಸಾಮಾನ್ಯವಾಗಿ ಒಂದು ಸೆಕೆಂಡಿಗೂ ಕಡಿಮೆ. ಕೇಂಬ್ರಿಡ್ಜ್ ಮತ್ತು ಕೋಪನ್‌ಹೇಗನ್ನಿನ ವಿದ್ವಾಂಸರು ಇದನ್ನು 2005ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದಾರೆ. ಸರ್ವರು ಹಠಾತ್ತನೆ ಕೆಟ್ಟರೆ ಮಾತ್ರ ಈ ಉಪಾಯ ಸಲ್ಲದು. ಆಗ ಕ್ಲಸ್ಟರು ಆ ಯಂತ್ರಗಳನ್ನು ಬೇರೆಡೆ ಪುನಃ ಆರಂಭಿಸುತ್ತದೆ. ನಷ್ಟವಾಗುವುದು ಕೆಲವು ನಿಮಿಷ.

ಆದರೆ ಸಾಮಗ್ರಿಯನ್ನು ಕೊಂಡ ಮಾತ್ರಕ್ಕೆ ಕಾರ್ಯಸಿದ್ಧಿಯಾಗದು. ಎರಡೇ ಸರ್ವರುಗಳಿದ್ದು ನಡುವಣ ಸಂಪರ್ಕ ಕಡಿದರೆ, ಎರಡೂ ತಾನೇ ಯಜಮಾನನೆಂದು ಹೊರಟು ದಾಖಲೆಗಳನ್ನು ಕೆಡಿಸಬಹುದು. ಆದುದರಿಂದ ಮೂರನೆಯ ಮತವೊಂದು ಬೇಕು. ಉಳಿದ ಸರ್ವರುಗಳಲ್ಲಿ ತೆರಪಿಲ್ಲದಿದ್ದರೆ, ದಾಖಲೆಗಳೆಲ್ಲ ಒಂದೇ ಡಿಸ್ಕಿನಲ್ಲಿದ್ದರೆ, ವಿದ್ಯುತ್ತು ಒಂದೇ ತಂತಿಯಿಂದ ಬಂದರೆ, ಕ್ಲಸ್ಟರು ಹೆಸರಿಗೆ ಮಾತ್ರ.

ಅಧಿಕಾರಿವರ್ಗದವರು ಮೂರು ತಿಂಗಳಿಗೊಮ್ಮೆ ತಾವಾಗಿಯೇ ಒಂದು ಸರ್ವರನ್ನು ನಿಲ್ಲಿಸಿ ಪರೀಕ್ಷಿಸಬೇಕು. ಕೆಲಸ ಎಷ್ಟು ನಿಮಿಷ ನಿಂತಿತೆಂಬುದನ್ನು ಕಛೇರಿಯ ಬಾಗಿಲಲ್ಲಿಯೇ ಪ್ರಕಟಿಸಬೇಕು ಎಂದು ನಾವು ಒತ್ತಾಯಪಡಿಸುತ್ತೇವೆ.