ದಡದಲ್ಲಿ ಚೀಲ ಕಾಯುವವರು

ನಮ್ಮ ಕಡೆಯ ಯಾವ ಪ್ರವಾಸದ ಗುಂಪನ್ನಾದರೂ ನೋಡಿ, ದೋಣಿ ಹತ್ತುವ ಹೊತ್ತಿಗೆ ಅದು ಎರಡಾಗುತ್ತದೆ. ಗಂಡಸರು ಪ್ಯಾಂಟು ಮಡಚಿಕೊಂಡು ದೋಣಿಯ ಕಡೆಗೆ ನಡೆಯುತ್ತಾರೆ, ಅವರ ಹಿಂದೆ ಗಂಡುಮಕ್ಕಳು ಓಡುತ್ತಾರೆ. ಹೆಂಗಸರು ನೆರಳು ಹುಡುಕಿಕೊಂಡು ಕೂರುತ್ತಾರೆ. ಚೀಲ, ಚಪ್ಪಲಿ, ಚಿತ್ರಾನ್ನದ ಡಬ್ಬಿ, ಯಾರದೋ ವಾಚು, ಯಾರದೋ ಮೊಬೈಲು ಎಲ್ಲವೂ ಅವರ ಸೆರಗಿನ ಪಕ್ಕಕ್ಕೆ ಬಂದು ಬೀಳುತ್ತವೆ. "ನೀವು ಹೋಗಿ ಬನ್ನಿ, ನಾವು ಇಲ್ಲೇ ಕೂತಿರ್ತೇವೆ" ಎಂದು ಅವರೇ ಹೇಳಿಬಿಡುತ್ತಾರೆ, ಇನ್ನೊಬ್ಬರು ಹೇಳುವ ಮೊದಲೇ. ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅಣ್ಣನ ಹಿಂದೆ ಹೊರಟರೆ, "ನೀನು ಎಲ್ಲಿಗೆ ಮಾರಾಯ್ತಿ, ಬಾ ಇಲ್ಲಿ" ಎಂದು ಕರೆದು ಕೂರಿಸುವವರೂ ಇವರೇ.

ಇದಕ್ಕೆ ನಾವು ಹೆದರಿಕೆ ಎಂಬ ಹೆಸರು ಕೊಟ್ಟಿದ್ದೇವೆ. ಹೆಂಗಸರಿಗೆ ನೀರೆಂದರೆ ಹೆದರಿಕೆ, ಕಡಲೆಂದರೆ ಇನ್ನೂ ಹೆದರಿಕೆ, ಏನು ಮಾಡುವುದು ಹೇಳಿ, ಸ್ವಭಾವ! ಈ ಮಾತು ಸುಳ್ಳು ಎಂದು ನಾನು ಹೇಳುತ್ತೇನೆ. ಸುಳ್ಳೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ, ಬೆಳಿಗ್ಗೆ ಹೊತ್ತು ಮಂಗಳೂರಿನ ಬಂದರಿಗೆ ಹೋಗಿ ಅರ್ಧ ಗಂಟೆ ನಿಂತರೆ ಸಾಕು.

ಫಲ್ಗುಣಿ ಹೊಳೆಯ ಆಚೆ ದಡದಲ್ಲಿ ಬೆಂಗ್ರೆ ಇದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಚಾಚಿದ ಮರಳಿನ ನಾಲಗೆಯ ಮೇಲೆ ಮನೆಗಳು. ರಸ್ತೆಯಲ್ಲಿ ಬರಬೇಕಾದರೆ ಕೂಳೂರು ಸೇತುವೆಯನ್ನು ಬಳಸಿ ಸುತ್ತು ಹಾಕಬೇಕು. ದೋಣಿಯಲ್ಲಿ ಬಂದರೆ ಕೆಲವೇ ನಿಮಿಷ. ಆದ್ದರಿಂದ ಅಲ್ಲಿನ ಹುಡುಗಿಯರು ಬ್ಯಾಗು ಹೆಗಲಿಗೇರಿಸಿಕೊಂಡು, ಪರೀಕ್ಷೆಯ ದಿನವೂ, ಮಳೆಗಾಲದಲ್ಲೂ, ಫೆರಿಯಲ್ಲಿ ಈಚೆಗೆ ಬಂದು ಶಾಲೆ ಕಾಲೇಜು ಸೇರುತ್ತಾರೆ. ಅವರ ತಾಯಂದಿರು ಸಾಮಾನಿನ ಚೀಲ, ಕಂಕುಳಲ್ಲಿ ಮಗು ಸಮೇತ ಹತ್ತಿ ಇಳಿಯುತ್ತಾರೆ. ಬೆಂಗ್ರೆಯ ಹೆಂಗಸರ ಸ್ವಭಾವವೇ ಬೇರೆ, ಬಿಜೈ ಕದ್ರಿಯ ಹೆಂಗಸರ ಸ್ವಭಾವವೇ ಬೇರೆ ಎನ್ನುತ್ತೀರಾ? ಅಲ್ಲಿಯವರಿಗೆ ದೋಣಿ ಬೇಕು, ಅದಕ್ಕೇ ಹತ್ತುತ್ತಾರೆ. ನಮಗೆ ಬೇಡ ಎಂದು ಯಾರೋ ತೀರ್ಮಾನಿಸಿದ್ದಾರೆ, ಅದಕ್ಕೇ ಕೂತಿದ್ದೇವೆ.

ಅದೇ ಧಕ್ಕೆಯಲ್ಲಿ ಮೀನಿನ ಏಲಂ ಕೂಗುವ ಹೊತ್ತಿಗೆ ಬುಟ್ಟಿ ಹಿಡಿದು ನಿಲ್ಲುವ ಹೆಂಗಸರ ಗಂಟಲನ್ನು ಕೇಳಿದವರು ಯಾರೂ ಸ್ತ್ರೀಸ್ವಭಾವದ ಕುರಿತು ಉಪನ್ಯಾಸ ಕೊಡಲಾರರು. ಹೊಳೆಯಲ್ಲಿ ಸೊಂಟ ಮುಳುಗುವ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರಲ್ಲಿಯೂ ಹೆಂಗಸರಿದ್ದಾರೆ. ಇನ್ನು ಇದೇ ಹಳೆ ಬಂದರಿಗೆ ಲಕ್ಷದ್ವೀಪದ ಪ್ರಯಾಣಿಕರ ಹಡಗು ಬಂದು ಹೋಗುತ್ತಿದ್ದ ವರ್ಷಗಳನ್ನು ನೆನಪಿಸಿಕೊಳ್ಳಿ. ನೂರಾರು ಕಿಲೋಮೀಟರು ಕಡಲು ದಾಟಿ, ಬಸುರಿಯರು, ಮುದುಕಿಯರು, ಜ್ವರದ ಮಗುವನ್ನು ಎತ್ತಿಕೊಂಡ ತಾಯಂದಿರು ಮಂಗಳೂರಿನ ಆಸ್ಪತ್ರೆಗಳಿಗೆ ಬಂದು ಇಳಿಯುತ್ತಿದ್ದರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮುಂತಾದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕೆನರಾ ಜಿಲ್ಲೆಗೇ ಸೇರಿದ್ದವು ಎಂಬುದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. ಅಲ್ಲಿಂದ ತೆಂಗಿನ ನಾರಿನ ಹುರಿ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಆ ಹೆಂಗಸರಿಗೆ ಕಡಲೆಂದರೆ ನಮಗೆ ಪುತ್ತೂರಿನ ಬಸ್ಸಿನ ಹಾಗೆ. ಹೆದರಿಕೆ ಇರಲಿಲ್ಲವೆಂದಲ್ಲ, ಹೆದರಿಕೊಂಡು ಮನೆಯಲ್ಲಿ ಕೂರುವ ಸೌಕರ್ಯ ಅವರಿಗಿರಲಿಲ್ಲ.

ಹೋಗದಿದ್ದರೆ ಏನು ನಷ್ಟ, ಒಂದು ದ್ವೀಪ ನೋಡದಿದ್ದರೆ ಅನ್ನ ಬೇಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಮಂಗಳೂರಿನಿಂದ ಅರವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಮಲ್ಪೆ. ಅಲ್ಲಿಂದ ಕಡಲಿನಲ್ಲಿ ಆರೇಳು ಕಿಲೋಮೀಟರು ಹೋದರೆ ಸೇಂಟ್ ಮೇರೀಸ್ ದ್ವೀಪ, ನಮ್ಮವರ ಬಾಯಲ್ಲಿ ತೋನ್ಸೆಪಾರ್. ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ಬರಬಹುದು. ಅಲ್ಲಿ ಕಂಬ ನಿಲ್ಲಿಸಿದ ಹಾಗೆ, ಕಂಬಗಳ ಕಂತೆ ಕಟ್ಟಿದ ಹಾಗೆ ಕಲ್ಲುಗಳು ನಿಂತಿವೆ. ಐದು ಮೂಲೆ, ಆರು ಮೂಲೆ, ಏಳು ಮೂಲೆ. ಶಿಲ್ಪಿ ಕಡೆದದ್ದಲ್ಲ. ಭೂಮಿಯೊಳಗಿಂದ ಉಕ್ಕಿದ ಲಾವಾ ನಿಧಾನವಾಗಿ ಆರುತ್ತಾ, ಕುಗ್ಗುತ್ತಾ, ಬೇಸಿಗೆಯ ಗದ್ದೆಯ ಕೆಸರು ಬಿರಿಯುವ ಹಾಗೆ ಬಿರಿದದ್ದು. ಇದು ಆದದ್ದು ಎಂಟೂವರೆ ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದಲ್ಲಿ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. 1498ರಲ್ಲಿ ವಾಸ್ಕೊ ಡ ಗಾಮ ಇಲ್ಲಿ ಇಳಿದು ಆ ಹೆಸರಿಟ್ಟ ಎಂದು ಹೇಳುವುದುಂಟು. ಹತ್ತಿರದ ಇನ್ನೊಂದು ದ್ವೀಪ ದರಿಯಾ ಬಹದ್ದೂರ್‌ಗಢದಲ್ಲಿ ಬಿದನೂರು ಅರಸರ ಕಾಲದ ಕೋಟೆಯ ಅವಶೇಷಗಳಿವೆ. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆರು ಮೂಲೆ ಬರೆದು ತೋರಿಸುವುದಕ್ಕೂ ಆ ಕಂಬದ ತುದಿಯ ಮೇಲೆ ಅಂಗೈ ಇಟ್ಟು ನೋಡುವುದಕ್ಕೂ ವ್ಯತ್ಯಾಸವಿಲ್ಲವೇ? ಪಾಠವನ್ನು ಹುಡುಗನಿಗೂ ಹುಡುಗಿಗೂ ಒಟ್ಟಿಗೆ ಮಾಡಿ, ಪಾಠದ ವಸ್ತುವನ್ನು ಮಾತ್ರ ಹುಡುಗನಿಗೆ ತೋರಿಸಿ ಬರುವುದು ಯಾವ ನ್ಯಾಯ?

ಇದರಲ್ಲಿ ಇನ್ನೊಂದು ತಮಾಷೆ ಉಂಟು. ಈಗ ನಮ್ಮೂರಿನ ಸಾಕಷ್ಟು ಮಂದಿ ಮಗ ಸೊಸೆಯ ಕೃಪೆಯಿಂದಲೋ ಟೂರ್ ಕಂಪೆನಿಯವರ ಪ್ಯಾಕೇಜಿನಿಂದಲೋ ಯುರೋಪು ನೋಡಿ ಬರುತ್ತಾರೆ. ಗ್ರೀಸ್ ದೇಶದ ಪಿರಾಯಸ್ ಬಂದರಿನಿಂದ ಬೆಳಿಗ್ಗೆ ಹೊರಟು ಹೈಡ್ರಾ, ಪೊರೋಸ್, ಈಜಿನಾ ಎಂಬ ಮೂರು ಸಣ್ಣ ದ್ವೀಪ ತೋರಿಸಿ ಸಂಜೆಗೆ ತಂದುಬಿಡುವ ಒಂದು ದಿನದ ಯಾನ ಬಹಳ ಪ್ರಸಿದ್ಧವಾದದ್ದು. ನನ್ನ ಪರಿಚಯದ ಮಹಿಳೆಯೊಬ್ಬರು, ಪ್ರಾಯ ಅರವತ್ತು ದಾಟಿದೆ, ಕಾಂಜೀವರಂ ಉಟ್ಟು ಆ ಹಡಗಿನ ಅಟ್ಟದ ಮೇಲೆ ಗಾಳಿಗೆ ನಿಂತ ಫೋಟೋ ತೋರಿಸಿದರು. ಮೆಡಿಟರೇನಿಯನ್ ಕಡಲು ಎಷ್ಟು ನೀಲಿ, ಎಷ್ಟು ಚಂದ! ಹಾಗಾದರೆ ಮಲ್ಪೆಯ ದ್ವೀಪಕ್ಕೆ ಹೋಗಿದ್ದೀರಾ ಎಂದರೆ, "ಅಯ್ಯೋ ನಾನಿಲ್ಲಪ್ಪ, ಆ ದೋಣಿಯಲ್ಲಿ ಯಾರು ಹೋಗ್ತಾರೆ!"

ನಗಬೇಡಿ, ಆಕೆ ಹೇಳಿದ್ದು ಸರಿಯಾಗಿಯೇ ಇದೆ. ಅಲ್ಲಿನ ನೀರೂ ಮುಳುಗಿಸುವ ನೀರೇ. ಆದರೆ ಅಲ್ಲಿ ಹತ್ತಲು ಏಣಿ ಇತ್ತು, ಹಿಡಿಯಲು ಕಂಬಿ ಇತ್ತು, ಕೂರಲು ಸೀಟು ಇತ್ತು, ಶೌಚಾಲಯ ಇತ್ತು. ಆಕೆಗೆ ಹೆದರಿಕೆ ಕಡಲಿನದಲ್ಲ, ಅವ್ಯವಸ್ಥೆಯದು. ಅವ್ಯವಸ್ಥೆಗೆ ಹೆದರುವುದು ವಿವೇಕ. ಆ ವಿವೇಕವನ್ನು ನಾವು ಹೆಣ್ಣಿನ ಪುಕ್ಕಲುತನ ಎಂದು ಕರೆದುಬಿಟ್ಟೆವು. ಹಾಗೆ ಕರೆದದ್ದರಿಂದ ವ್ಯವಸ್ಥೆ ಮಾಡಬೇಕಾದವರು ಸುಲಭವಾಗಿ ಪಾರಾದರು.

ಲೆಕ್ಕ ತೆಗೆದು ನೋಡೋಣ. 2019ರ ಜನವರಿ 21ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿ ಬರುತ್ತಿದ್ದ ದೋಣಿ ಮಗುಚಿತು. 16 ಮಂದಿ ಹೋದರು, ಹೆಂಗಸರು, ಮಕ್ಕಳು ಸೇರಿ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮೀನು ಹಿಡಿಯುವ ದೋಣಿಯನ್ನು ವಿಹಾರದ ದೋಣಿಯಾಗಿ ಮಾರ್ಪಡಿಸಿ ಸಂಜೆಯ ಹೊತ್ತಿನಲ್ಲಿ ಹೊರಟದ್ದು 22 ಜೀವಗಳನ್ನು ತೆಗೆದುಕೊಂಡಿತು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲೆಯ ಪಿಕ್ನಿಕ್ಕಿಗೆ ಬಂದ 12 ಮಕ್ಕಳು, ಇಬ್ಬರು ಶಿಕ್ಷಕಿಯರು. ಅದು ಕಡಲೂ ಅಲ್ಲ, ಊರ ನಡುವಿನ ಕೆರೆ. ಮೂರೂ ಕಡೆ ಕಾರಣ ಹೆಚ್ಚುಕಡಿಮೆ ಒಂದೇ: ದೋಣಿ ಹೊರಲಾರದಷ್ಟು ಜನ, ಎಲ್ಲರ ಮೈಮೇಲೂ ಇಲ್ಲದ ಲೈಫ್ ಜಾಕೆಟ್. ಇದರಲ್ಲಿ ಹೆಣ್ಣಿನ ಸ್ವಭಾವ ಎಲ್ಲಿ ಬಂತು? ತಲೆ ಎಣಿಸುವುದಕ್ಕೆ ಒಬ್ಬ ಮನುಷ್ಯ, ಪ್ರತಿ ತಲೆಗೆ ಒಂದು ಜಾಕೆಟ್ ಇದ್ದಿದ್ದರೆ ಈ ಹೆಸರುಗಳಲ್ಲಿ ಹೆಚ್ಚಿನವು ಪತ್ರಿಕೆಯ ಆ ಪುಟಕ್ಕೆ ಬರುತ್ತಿರಲಿಲ್ಲ.

ಇನ್ನೊಂದು ಕಡೆ, 2022ರ ಏಪ್ರಿಲಿನಲ್ಲಿ ಸೇಂಟ್ ಮೇರೀಸ್ ದ್ವೀಪದಲ್ಲೇ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ನೀರುಪಾಲಾದರು. ಹುಡುಗರು. ಆ ಸುದ್ದಿ ಓದಿದ ಎಷ್ಟು ಮನೆಗಳಲ್ಲಿ, "ಮಗನೇ, ಇನ್ನು ನೀನು ದಡದಲ್ಲಿ ಕೂತು ಚೀಲ ನೋಡಿಕೋ" ಎಂದು ಹೇಳಿದರು? ನಾನಂತೂ ಒಂದು ಮನೆಯನ್ನೂ ಕಾಣೆ. ಗಂಡುಮಕ್ಕಳು ಸತ್ತರೆ ಅದು ದುರ್ದೈವ, ಹೆಣ್ಣುಮಕ್ಕಳು ಸತ್ತರೆ ಅದು ಎಲ್ಲ ಹೆಣ್ಣುಮಕ್ಕಳಿಗೂ ಅನ್ವಯಿಸುವ ಕಾನೂನು.

ಆ ಕಾನೂನು ಹೇಗೆ ಹುಟ್ಟುತ್ತದೆಂಬುದನ್ನು ನಾವು 2024ರ ಡಿಸೆಂಬರಿನಲ್ಲಿ ಕಣ್ಣಾರೆ ಕಂಡೆವು. ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಹೋದರು. ಹದಿನೈದರ ಆಸುಪಾಸಿನ ಮಕ್ಕಳು. ಬಯಲುಸೀಮೆಯ ಆ ಮಕ್ಕಳಿಗೆ ಅಲೆ ವಾಪಸು ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ ಎಂದು ಯಾರು ಹೇಳಿಕೊಟ್ಟಿದ್ದರು? ಹೊಟ್ಟೆ ಕಿವುಚುವ ಸುದ್ದಿ. ಆದರೆ ಅದಾದ ಮೇಲೆ ಸ್ಟಾಫ್ ರೂಮುಗಳಲ್ಲಿ ಕೇಳಿಬಂದ ಮಾತು ಯಾವುದು? "ಈ ವರ್ಷ ಹುಡುಗಿಯರಿಗೆ ನೀರಿನ ಜಾಗ ಬೇಡವೇ ಬೇಡ." ಹುಡುಗಿಯರಿಗೆ ಈಜು ಕಲಿಸೋಣ ಎಂಬ ಒಂದು ಸೊಲ್ಲು ಕೇಳಲಿಲ್ಲ. ರಸ್ತೆಯಲ್ಲಿ ಮಗುವೊಂದಕ್ಕೆ ಬಸ್ಸು ಬಡಿದರೆ ರಸ್ತೆ ದಾಟುವುದು ಹೇಗೆಂದು ಉಳಿದ ಮಕ್ಕಳಿಗೆ ಕಲಿಸುತ್ತೇವೆ. ಕಡಲಿನ ವಿಷಯಕ್ಕೆ ಮಾತ್ರ ಬಾಗಿಲು ಹಾಕುವುದೇ ಶಿಕ್ಷಣ. ಹಾಗೆ ಬಾಗಿಲು ಹಾಕಿ ಬೆಳೆಸಿದ ಹುಡುಗಿ ಮುಂದೊಂದು ದಿನ ಗಂಡನ ಜೊತೆಗೋ ಗೆಳತಿಯರ ಜೊತೆಗೋ ಅದೇ ಕಡಲಿಗೆ ಬರುತ್ತಾಳೆ, ಏನೂ ತಿಳಿಯದೆ ನೀರಿಗಿಳಿಯುತ್ತಾಳೆ.

ಈಜು ನಮ್ಮ ಜಿಲ್ಲೆಯ ಹೆಂಗಸರಿಗೆ ಹೊಸದೂ ಅಲ್ಲ. ತೋಟದ ಕೆರೆಯಲ್ಲಿ ಸಿಪ್ಪೆ ಸಮೇತ ಎರಡು ಒಣ ತೆಂಗಿನಕಾಯಿ ಜೋಡಿಸಿ ಕಟ್ಟಿ ಅದರ ಮೇಲೆ ತೇಲುತ್ತಾ, ಬಾಳೆದಿಂಡು ಅಪ್ಪಿಕೊಂಡು ಕಾಲು ಬಡಿಯುತ್ತಾ ಅಣ್ಣತಮ್ಮಂದಿರ ಜೊತೆ ಈಜು ಕಲಿತ ಅಜ್ಜಿಯರು ಎಷ್ಟೋ ಮನೆಗಳಲ್ಲಿದ್ದರು. "ದೊಡ್ಡವಳಾದ" ದಿನದಿಂದ ಕೆರೆಗೆ ಇಳಿಯಬಾರದು ಎಂದದ್ದು ನೀರಲ್ಲ. ಈಗ ಕೆರೆಗಳೂ ಹೋದವು. ಲೇಡಿಹಿಲ್‌ನಲ್ಲಿ ಮಂಗಳಾ ಈಜುಕೊಳ ಇದೆ, ಅಲ್ಲಿಗೆ ಬೇಸಿಗೆ ರಜೆಯಲ್ಲಿ ಮಗನನ್ನು ಕಳಿಸುವ ತಾಯಿ ಮಗಳನ್ನು ಭರತನಾಟ್ಯಕ್ಕೆ ಕಳಿಸುತ್ತಾಳೆ. ಭರತನಾಟ್ಯ ಕಲಿಯಲಿ, ಬೇಡವೆನ್ನುವುದಿಲ್ಲ. ಆದರೆ ಅಳಿವೆಯಲ್ಲಿ ದೋಣಿ ಹೊಯ್ದಾಡುವಾಗ ಆಲಾರಿಪು ಉಪಯೋಗಕ್ಕೆ ಬರುವುದಿಲ್ಲ.

ಹೆಸರಿಗೇನೂ ನಮ್ಮಲ್ಲಿ ಕಡಿಮೆಯಿಲ್ಲ. ಉಳ್ಳಾಲದಲ್ಲಿ ಅಬ್ಬಕ್ಕನ ಉತ್ಸವ ಮಾಡುತ್ತೇವೆ. ಕೋಸ್ಟ್ ಗಾರ್ಡಿನವರು 2012ರಲ್ಲಿ ತಮ್ಮ ಗಸ್ತು ಹಡಗಿಗೇ ರಾಣಿ ಅಬ್ಬಕ್ಕ ಎಂದು ಹೆಸರಿಟ್ಟರು. 1623ರಲ್ಲಿ ಮೆಡಿಟರೇನಿಯನ್ ಕಡೆಯಿಂದಲೇ ಬಂದ ಪಿಯೆತ್ರೊ ದೆಲ್ಲ ವಲ್ಲೆ ಎಂಬ ರೋಮಿನ ಪ್ರವಾಸಿ ಉಳ್ಳಾಲದ ರಾಣಿಯನ್ನು ಕಂಡಾಗ ಆಕೆ ಬರಿಗಾಲಲ್ಲಿ ನಡೆದು ಕಾಲುವೆ ತೋಡುವ ಕೆಲಸ ನೋಡಲು ಹೊರಟಿದ್ದಳಂತೆ. ಇತ್ತ ನೌಕಾಪಡೆಯ ಆರು ಮಂದಿ ಮಹಿಳೆಯರು 2017ರ ಸೆಪ್ಟೆಂಬರಿನಲ್ಲಿ ಗೋವಾದಿಂದ ತಾರಿಣಿ ಎಂಬ ಹಾಯಿದೋಣಿಯಲ್ಲಿ ಹೊರಟು, ಭೂಮಿಯನ್ನೇ ಸುತ್ತಿ 2018ರ ಮೇ ತಿಂಗಳಲ್ಲಿ ಹಿಂದೆ ಬಂದರು. ಶಾಲಾ ವಾರ್ಷಿಕೋತ್ಸವದಲ್ಲಿ ಹುಡುಗಿಗೆ ಅಬ್ಬಕ್ಕನ ವೇಷ ಹಾಕಿಸಿ ರಟ್ಟಿನ ಕತ್ತಿ ಕೊಟ್ಟು ಚಪ್ಪಾಳೆ ತಟ್ಟುವವರೇ ಮರುವಾರದ ಪ್ರವಾಸದಲ್ಲಿ ಅವಳ ಕೈಗೆ ಚಪ್ಪಲಿ ಚೀಲ ಕೊಡುತ್ತಾರೆ.

ಶೌಚಾಲಯದ ಮಾತು ಬರೆಯಲು ನಾಚಿಕೆ ಪಡುವ ಕಾಲ ಹೋಯಿತು. ದೋಣಿಯ ಪ್ರವಾಸವೆಂದರೆ ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ ಹೊರಡುವ ಹೆಂಗಸರು ನನಗೆ ಬೇಕಾದಷ್ಟು ಗೊತ್ತು. ಬಿಸಿಲಿಗೆ ತಲೆಸುತ್ತು ಬಂದರೆ, "ನೋಡಿ, ಇವರಿಗೆ ಕಡಲು ಆಗುವುದಿಲ್ಲ" ಎಂಬ ತೀರ್ಪು ಸಿದ್ಧ. ಆಗದಿರುವುದು ಕಡಲಲ್ಲ, ಖಾಲಿ ಹೊಟ್ಟೆ, ಒಣಗಿದ ಗಂಟಲು. ದೋಣಿ ಹತ್ತುವ ಜಾಗದಲ್ಲಿ ಒಳಗಿನಿಂದ ಚಿಲಕ ಹಾಕಲಾಗುವ, ನೀರು ಬರುವ ಎರಡು ಶೌಚಾಲಯ ಇದ್ದರೆ ಅರ್ಧ ಜನರ ಭಯ ಅಲ್ಲೇ ಬಿಟ್ಟುಹೋಗುತ್ತದೆ.

ಸೀರೆ ತೊಡರುತ್ತದೆ ಎನ್ನುವವರಿಗೆ ಉತ್ತರ ಸುಲಭ, ಅಂದು ಚೂಡಿದಾರ ಹಾಕಿ. ಅತ್ತೆಯ ವರ್ಷದ್ದು ಆಗಿಲ್ಲ, ಮನೆಯವರು ಒಪ್ಪುವುದಿಲ್ಲ, ನೆರೆಯವರು ಏನೆನ್ನುತ್ತಾರೆ ಎಂಬ ಕಾರಣಗಳಿಗೆ ನಾನು ಉತ್ತರಿಸಲು ಹೋಗುವುದಿಲ್ಲ.

ಹೋಗುವುದಾದರೆ ಕೇಳಿ ಹೋಗಿ. ಮಳೆಗಾಲದಲ್ಲಿ ಯಾರು ಕರೆದರೂ ಬೇಡ, ಆಗ ದ್ವೀಪದ ದೋಣಿಗಳೂ ನಿಂತಿರುತ್ತವೆ. ಟಿಕೆಟ್ ತೆಗೆಯುವ ಮೊದಲು ಈ ದೋಣಿಗೆ ಎಷ್ಟು ಮಂದಿಯ ಪರವಾನಗಿ ಎಂದು ಕೇಳಿ. ಜಾಕೆಟ್ ಕೊಟ್ಟರೆ ಸಾಲದು, ಅದರ ಪಟ್ಟಿ ಬಿಗಿಯಬೇಕು. ಫೋಟೋ ಮುಗಿದೊಡನೆ ಬಿಚ್ಚಿ ಕಾಲಡಿ ಹಾಕುವ ಗಂಡಸರಿದ್ದಾರೆ, ಅವರಿಗೂ ಹೇಳಿ. ದ್ವೀಪದಲ್ಲಿ ಬಂಡೆಯ ಅಂಚಿಗೆ ಹೋಗಬಾರದೆಂದು ಹಾಕಿದ ಗೆರೆಯನ್ನು ದಾಟಬೇಡಿ. ಲೆಕ್ಕಕ್ಕಿಂತ ಹೆಚ್ಚು ಜನ ಹತ್ತಿದರೆ ಇಳಿದುಬಿಡಿ, ನೀವು ನಾಲ್ಕು ಹೆಂಗಸರು ಗಟ್ಟಿಯಾಗಿ ಮಾತಾಡಿ ಇಳಿದರೆ ಐದನೆಯವರೂ ಇಳಿಯುತ್ತಾರೆ. ದಡದಲ್ಲಿ ಕೂತವರು ಇದನ್ನೆಲ್ಲ ಕೇಳುವ ಹಾಗಿಲ್ಲ, ಟಿಕೆಟ್ ತೆಗೆದವರು ಕೇಳಬಹುದು.

ಶಾಲೆಗಳಿಗೆ ನನ್ನದು ಇಷ್ಟೇ ಬೇಡಿಕೆ. ಪ್ರವಾಸದ ಮಾತನ್ನು ಡಿಸೆಂಬರಿನಲ್ಲಿ ಅವಸರವಸರವಾಗಿ ಎತ್ತುವ ಬದಲು ಜೂನ್ ತಿಂಗಳ ಪೋಷಕರ ಸಭೆಯಲ್ಲಿಯೇ ಎತ್ತಲಿ. ಹುಡುಗಿಯರ ತಾಯಂದಿರು ಆ ದಿನ ಹಿಂದಿನ ಬೆಂಚಿನಲ್ಲಿ ಕೂರದೆ ಮುಂದೆ ಬಂದು, ಈಜಿನ ತರಗತಿಗೆ ಯಾರು ಕರೆದುಕೊಂಡು ಹೋಗುತ್ತಾರೆ, ಜೊತೆಗೆ ಹೋಗುವ ಶಿಕ್ಷಕಿಯರು ಎಷ್ಟು ಮಂದಿ, ಅವರಲ್ಲಿ ಈಜು ಬಲ್ಲವರು ಯಾರು ಎಂದು ಕೇಳಲಿ. ಮಳೆ ನಿಂತು ಮಲ್ಪೆಯ ದೋಣಿಗಳು ಹೊರಡುವ ಹೊತ್ತಿಗೆ ನಾಲ್ಕು ತಿಂಗಳು ಕೈಯಲ್ಲಿರುತ್ತದೆ.